80ರ ದಶಕದ ಡಾರ್ಕ್ ಫ್ಯಾಂಟಸಿ (ಭಯ ಬೆರೆತ ಮಾಯಾಲೋಕದ) ಸಿನಿಮಾಗಳು ಇವತ್ತಿಗೂ ಯಾಕೆ ಅಷ್ಟು ಸೆಳೆಯುತ್ತವೆ?

ಕ್ಯಾಮೆರಾ ಮುಂದೆ ಆ ಲೋಕ ನಿಜವಾಗಿಯೂ ಇತ್ತು, ಅದಕ್ಕೇ.

1982ರ 'ದಿ ಡಾರ್ಕ್ ಕ್ರಿಸ್ಟಲ್' ತೆಗೆದುಕೊಳ್ಳಿ. ಜಿಮ್ ಹೆನ್ಸನ್ ಮತ್ತು ಫ್ರಾಂಕ್ ಆಜ್ ನಿರ್ದೇಶಿಸಿದ ಈ ಚಿತ್ರದಲ್ಲಿ ಮನುಷ್ಯರ ಮುಖವೇ ಕಾಣುವುದಿಲ್ಲ. ರಣಹದ್ದಿನಂಥ ಸ್ಕೆಕ್ಸಿಸ್ ಎಂಬ ದುಷ್ಟ ಜೀವಿಗಳ ಬೊಂಬೆ ಒಂದೊಂದನ್ನೂ ಹಲವರು ಸೇರಿ ಆಡಿಸುತ್ತಿದ್ದರು. ಉದ್ದ ಕಾಲಿನ ಲ್ಯಾಂಡ್‌ಸ್ಟ್ರೈಡರ್‌ಗಳೆಂಬ ಪ್ರಾಣಿಗಳ ಒಳಗೆ ಕೈಗೂ ಕಾಲಿಗೂ ಮರಗಾಲು ಕಟ್ಟಿಕೊಂಡ ಕಲಾವಿದರಿದ್ದರು! ಆ ಭಾರ, ಆ ಸಣ್ಣ ನಡುಕ ನಮ್ಮ ಕಣ್ಣಿಗೆ ಗೊತ್ತಾಗುತ್ತದೆ. ಬೆಳಕು ನಿಜವಾದ ಬಟ್ಟೆ, ರಬ್ಬರ್ ಚರ್ಮದ ಮೇಲೆ ಬೀಳುತ್ತದೆ. ನೆರಳೂ ಅಲ್ಲಿಯದೇ.

1985ರ 'ಲೆಜೆಂಡ್'ಗಾಗಿ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಇಡೀ ಕಾಡನ್ನೇ ಕಟ್ಟಿದ್ದರು. 1984ರಲ್ಲಿ ಆ ಸೆಟ್ ಸುಟ್ಟುಹೋಯಿತು. ಆ ಚಿತ್ರದಲ್ಲಿ ರಾಕ್ಷಸನಾದ ನಟ ಟಿಮ್ ಕರಿ ಅವರ ಕೆಂಪು ಮೈ, ಭಾರಿ ಕೊಂಬು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬಾಲ್ಯದ ನೆನಪೂ ಸೇರಿಕೊಳ್ಳುತ್ತದೆ, ನಿಜ. ಆದರೆ ಅದೊಂದೇ ಅಲ್ಲ. ಆಗ ಹುಟ್ಟಿರದ ಹುಡುಗರೂ ಇವನ್ನು ಹುಡುಕಿ ನೋಡುತ್ತಾರಲ್ವಾ? ಈ ಚಿತ್ರಗಳು ಮಕ್ಕಳನ್ನು ಹೆದರಿಸಲು ಹಿಂಜರಿಯಲಿಲ್ಲ. ಕತ್ತಲನ್ನು ಕತ್ತಲಾಗಿಯೇ ಬಿಟ್ಟವು. ಮೂಲೆಯಲ್ಲಿ ಇನ್ನೇನಿದೆಯೋ ಅಂತ ನಾವೇ ಊಹಿಸಿಕೊಳ್ಳಬೇಕಿತ್ತು.