75% ಬ್ಲಾಕ್ ಇದೆಯಂತೆ, ಸ್ಟೆಂಟ್ ಹಾಕಿಸ್ಲೇಬೇಕಾ ಡಾಕ್ಟ್ರೇ?

ಈ ಸಲ ಹಾರ್ಟ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನ ಆರಿಸ್ಕೊಂಡಿದ್ದೀನಿ. ಮೊದಲನೇದರ ಉತ್ತರ ಉದ್ದ ಆಗೋಯ್ತು, ಬೇಜಾರು ಮಾಡ್ಕೋಬೇಡಿ, ಉಳಿದಿದ್ದೆಲ್ಲ ಅದರ ಮೇಲೇ ನಿಂತಿರೋದು.

ಪ್ರಶ್ನೆ: ನನಗೆ 56 ವರ್ಷ. ಎಂಟು ತಿಂಗಳಿಂದ ಜೋರಾಗಿ ನಡೆದ್ರೆ ಎದೆ ಬಿಗಿ ಹಿಡಿಯುತ್ತೆ, ಎರಡು ನಿಮಿಷ ನಿಂತ್ರೆ ಹೋಗುತ್ತೆ. ಜಾಸ್ತೀನೂ ಆಗಿಲ್ಲ ಕಮ್ಮೀನೂ ಆಗಿಲ್ಲ. ಆಂಜಿಯೋಗ್ರಾಮ್‌ನಲ್ಲಿ ಬಲಗಡೆ ನಾಳದಲ್ಲಿ 75%, ಇನ್ನೊಂದರಲ್ಲಿ 40% ಬ್ಲಾಕ್ ಬಂತು. ಒಬ್ರು ತಕ್ಷಣ ಸ್ಟೆಂಟ್ ಅಂದ್ರು, ಇನ್ನೊಬ್ರು ಮಾತ್ರೇಲೇ ನೋಡೋಣ ಅಂದ್ರು. ಯಾರ ಮಾತು ಕೇಳೋದು?

ಉತ್ತರ: ಬ್ಲಾಕ್ ಅಂದ ತಕ್ಷಣ ಎಲ್ರೂ ಪೈಪಲ್ಲಿ ಕಸ ಕಟ್ಕೊಂಡ ಹಾಗೆ ಅಂದ್ಕೋತಾರೆ, ಕಸ ತೆಗೆದ್ರೆ ಆಯ್ತು ಅಂತ. ಅಲ್ಲೇ ತಪ್ಪೋದು. ಹಾರ್ಟ್‌ಗೆ ರಕ್ತ ಕೊಡೋ ಈ ನಾಳಗಳು ಬರೀ ಮೂರು ನಾಲ್ಕು ಮಿಲಿಮೀಟರ್ ಅಗಲ, ಕಾಯಿಲೆ ಇರೋದು ಅದರ ಗೋಡೆ ಒಳಗೆ. ರಕ್ತದಲ್ಲಿರೋ ಎಲ್‌ಡಿಎಲ್ ಕೊಲೆಸ್ಟ್ರಾಲ್ ಗೋಡೆಯೊಳಕ್ಕೆ ಇಳಿಯುತ್ತೆ, ಅದನ್ನ ತಿನ್ನೋಕೆ ಬಿಳಿ ರಕ್ತಕಣಗಳು ಬರ್ತವೆ, ತಿಂದು ತಿಂದು ಊದಿ ಅಲ್ಲೇ ಸಾಯ್ತವೆ, ದೇಹ ಅದರ ಮೇಲೊಂದು ಪೊರೆ ಹೊದಿಸುತ್ತೆ. ಒಂಥರಾ ಗೋಡೆ ಒಳಗೆ ಎದ್ದ ಕುರು ಅನ್ಕೊಳ್ಳಿ. ಪೊರೆ ದಪ್ಪ ಇದ್ರೆ ವರ್ಷಗಟ್ಟಲೆ ತೆಪ್ಪಗಿರುತ್ತೆ, ತೆಳ್ಳಗಿದ್ರೆ ಯಾವತ್ತೋ ಒಂದಿನ ಒಡೆಯುತ್ತೆ, ಒಡೆದ ಜಾಗದಲ್ಲಿ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿದ್ರೆ ಅದೇ ಹಾರ್ಟ್ ಅಟ್ಯಾಕ್.

ಈಗ ನಿಮ್ಮ ರಿಪೋರ್ಟ್‌ಗೆ ಬನ್ನಿ. 75% ಇರೋದು ನಡೆದಾಗ ನೋವು ಕೊಡ್ತಿದೆ, ಯಾಕಂದ್ರೆ ಹಾರ್ಟ್ ಜಾಸ್ತಿ ಕೆಲಸ ಮಾಡುವಾಗ ಬೇಕಾದಷ್ಟು ರಕ್ತ ಅದರಲ್ಲಿ ನುಗ್ಗಲ್ಲ. ಆದ್ರೆ ನಾಳೆ ಒಡೆಯೋದು ಅದೇ ಅಂತ ಯಾರೂ ಹೇಳೋಕಾಗಲ್ಲ, ಯಾವ ತೊಂದ್ರೇನೂ ಕೊಡದೆ ಕೂತಿರೋ ಆ 40% ಕೂಡ ಒಡೀಬಹುದು. ಸ್ಟೆಂಟ್, ಅಂದ್ರೆ ನಾಳದೊಳಗೆ ಕೂರಿಸೋ ಪುಟ್ಟ ಜಾಲರಿ, 75%ದನ್ನ ಬಿಡಿಸುತ್ತೆ, ನೋವು ಕಮ್ಮಿ ಆಗುತ್ತೆ, ಅದರಲ್ಲಿ ಅನುಮಾನ ಇಲ್ಲ. 40%ಗೆ ಅದೇನೂ ಮಾಡಲ್ಲ. ಎರಡನ್ನೂ ಸೇರಿಸಿ, ಆಂಜಿಯೋಗ್ರಾಮ್‌ನಲ್ಲಿ ಕಾಣದೇ ಇರೋ ಇನ್ನಷ್ಟನ್ನೂ ಸೇರಿಸಿ ನೋಡ್ಕೊಳ್ಳೋದು ಮಾತ್ರೆ. ಸ್ಟ್ಯಾಟಿನ್ ಅಂತ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ ಇದೆಯಲ್ಲ, ಅದರ ಕೆಲಸ ಬರೀ ರಿಪೋರ್ಟಲ್ಲಿ ನಂಬರ್ ಇಳಿಸೋದಲ್ಲ, ಆ ಪೊರೇನ ಗಟ್ಟಿ ಮಾಡುತ್ತೆ.

ಇದು ನನ್ನ ಸ್ವಂತ ಥಿಯರಿ ಅಲ್ಲ. 2007ರಲ್ಲಿ ಕರೇಜ್ ಅನ್ನೋ ಟ್ರಯಲ್, ಆಮೇಲೆ 2020ರಲ್ಲಿ ಪ್ರಕಟವಾದ, 5,179 ಜನರ ಮೇಲೆ ನಡೆದ ಇಸ್ಕೀಮಿಯಾ ಟ್ರಯಲ್, ಎರಡರಲ್ಲೂ ನಿಮ್ಮಂಥ ಸ್ಟೇಬಲ್ ರೋಗಿಗಳನ್ನೇ ನೋಡಿದ್ದು. ಒಳ್ಳೆ ಮಾತ್ರೆ ಜೊತೆ ಮೊದ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಿಗೂ ಮಾತ್ರೇಲೇ ಶುರು ಮಾಡಿದವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಬರ್ಲಿಲ್ಲ. ನೋವು ಇದ್ದವರಿಗೆ ನೋವು ಕಮ್ಮಿ ಆಯ್ತು, ಅಷ್ಟೇ. ಇಲ್ಲೊಂದು ಒಳಗಿನ ಮಾತು ಹೇಳ್ಬಿಡ್ತೀನಿ, ದಾರದಂತೆ ಸಣ್ಣಗಾಗಿದ್ದ ನಾಳ, ಒಳಗೆ ಪುಟ್ಟ ಬಲೂನ್ ಊದಿ ಅಗಲ ಮಾಡಿದ ಮೇಲೆ, ಸ್ಕ್ರೀನ್ ಮೇಲೆ ಕಣ್ಣೆದುರೇ ತುಂಬ್ಕೊಂಡು ಬರೋದು ನೋಡಿದ್ರೆ ನಮಗೂ ಖುಷಿ ಆಗುತ್ತೆ, ಮನೆಯವರಿಗಂತೂ ಜೀವ ಬಂದ ಹಾಗೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅನ್ನೋ ಡಾಕ್ಟ್ರು ಮೊದಲ ಸಲ ಹೀಗೆ ಬಲೂನಿಂದ ಹಾರ್ಟಿನ ನಾಳ ಬಿಡಿಸಿದಾಗಿಂದ ಆ ಖುಷಿ ಇದೆ, ಅದೇ ಕೆಲವು ಸಲ ನಮ್ಮನ್ನ ದಾರಿ ತಪ್ಪಿಸೋದೂ ಕೂಡ.

ಹಾಗಂತ ಸ್ಟೆಂಟೇ ಬೇಡ ಅಂತ ಓದ್ಕೋಬೇಡಿ. ಹಾರ್ಟ್ ಅಟ್ಯಾಕ್ ಆಗ್ತಾ ಇರೋವಾಗ ಅದು ಜೀವ ಉಳಿಸುತ್ತೆ, ಅಲ್ಲಿ ಚರ್ಚೆಗೇ ಜಾಗ ಇಲ್ಲ. ಎಡಗಡೆ ಮುಖ್ಯ ನಾಳದ ಬುಡದಲ್ಲೇ, ಅಂದ್ರೆ ಲೆಫ್ಟ್ ಮೇನ್‌ನಲ್ಲಿ ಬ್ಲಾಕ್ ಇದ್ರೆ, ಹಾರ್ಟಿನ ಪಂಪಿಂಗ್ ಬಿದ್ದುಹೋಗಿದ್ರೆ, ಸುಮ್ನೆ ಕೂತಾಗ್ಲೂ ನೋವು ಬರೋಕೆ ಶುರುವಾದ್ರೆ ಲೆಕ್ಕ ಬೇರೆ. ಸುಗರ್ ಇದ್ದು ಮೂರೂ ನಾಳ ಕೆಟ್ಟಿದ್ರೆ ಸಾಮಾನ್ಯವಾಗಿ ಬೈಪಾಸೇ ವಾಸಿ. ಇವ್ಯಾವೂ ಇಲ್ಲ ಅಂತ ನಿಮ್ಮ ಡಾಕ್ಟರ್ ಹೇಳಿದ್ರೆ, ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಎರಡು ಮೂರು ತಿಂಗಳು ಫುಲ್ ಡೋಸ್ ಮಾತ್ರೆ ತಗೊಂಡು ನೋಡ್ತಿದ್ದೆ, ಆಗ್ಲೂ ನಡೆಯೋಕೆ ಬಿಡದಷ್ಟು ನೋವಿದ್ರೆ ಸ್ಟೆಂಟ್ ಹಾಕಿಸ್ಕೋತಿದ್ದೆ.

ಪ್ರಶ್ನೆ: ಸ್ಟೆಂಟ್ ಹಾಕಿಸಿ 4 ತಿಂಗಳಾಯ್ತು, ಆರಾಮಾಗಿದ್ದೀನಿ. ಹಲ್ಲು ಕೀಳಿಸ್ಬೇಕು, ರಕ್ತ ತೆಳು ಮಾಡೋ ಮಾತ್ರೆ ಒಂದು ವಾರ ನಿಲ್ಲಿಸ್ಲಾ? ಸ್ಟ್ಯಾಟಿನ್ ತಗೊಂಡ್ರೆ ಲಿವರ್ ಹೋಗುತ್ತೆ, ಕಾಲು ನೋಯುತ್ತೆ ಅಂತಾನೂ ಕೇಳ್ದೆ.

ಉತ್ತರ: ನಿಮ್ಮಷ್ಟಕ್ಕೆ ನೀವೇ ಒಂದು ದಿನಾನೂ ನಿಲ್ಲಿಸ್ಬೇಡಿ. ಸ್ಟೆಂಟ್ ಅಂದ್ರೆ ಲೋಹದ ಜಾಲರಿ, ಅದರ ಮೇಲೆ ನಾಳದ ಒಳಪದರ ಹಬ್ಬಿ ಮುಚ್ಚೋವರೆಗೂ ಅದು ರಕ್ತಕ್ಕೆ ಹೊರಗಿನ ವಸ್ತೂನೇ, ಮಾತ್ರೆ ಇಲ್ದೇ ಹೋದ್ರೆ ಅದರ ಮೇಲೆ ಹೆಪ್ಪು ಕೂತ್ಕೊಳ್ಳುತ್ತೆ, ಸ್ಟೆಂಟ್ ಒಳಗೆ ಹೆಪ್ಪಾದ್ರೆ ಅದು ಸಾಮಾನ್ಯವಾಗಿ ದೊಡ್ಡ ಅಟ್ಯಾಕೇ. ಆಸ್ಪಿರಿನ್ ಜೊತೆ ಇನ್ನೊಂದು ಮಾತ್ರೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಇರುತ್ತೆ. ಹಲ್ಲನ್ನ ಮಾತ್ರೆ ನಡೀತಿರೋವಾಗ್ಲೇ ಕೀಳಬಹುದು, ಡೆಂಟಿಸ್ಟ್‌ಗೆ ಮೊದ್ಲೇ ಹೇಳಿ, ಹತ್ತಿ ಸ್ವಲ್ಪ ಜಾಸ್ತಿ ಹೊತ್ತು ಕಚ್ಚಿ ಹಿಡೀಬೇಕಾಗುತ್ತೆ.

ಸ್ಟ್ಯಾಟಿನ್‌ನಿಂದ ಲಿವರ್‌ಗೆ ದೊಡ್ಡ ಹಾನಿ ಆಗೋದು ತುಂಬಾ ಅಪರೂಪ. ಕಾಲುನೋವಿನ ವಿಷಯ ಮಜಾ ಇದೆ. ಸೈಡ್ ಎಫೆಕ್ಟ್ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಬರೀ ಡಮ್ಮಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ ಅಂತ ಕೊಟ್ಟು ನೋಡಿದ್ರು (ಸ್ಯಾಮ್ಸನ್ ಟ್ರಯಲ್, 2020). ಸ್ಟ್ಯಾಟಿನ್‌ನಲ್ಲಿ ಬಂದ ತೊಂದ್ರೇಲಿ ಸುಮಾರು 90% ಡಮ್ಮೀಲೂ ಬಂತು. ನೋವು ಸುಳ್ಳಲ್ಲ, ಕಾರಣ ಮಾತ್ರ ಹೆಚ್ಚಿನ ಸಲ ಆ ಔಷಧಿ ಅಲ್ಲ. ನಿಮಗೆ ನಿಜವಾಗ್ಲೂ ಒಗ್ಗದೇ ಇದ್ರೆ ಡೋಸ್ ಕಮ್ಮಿ ಮಾಡ್ಬಹುದು, ಬೇರೆ ಸ್ಟ್ಯಾಟಿನ್ ಇದೆ, ಎಜೆಟಿಮೈಬ್ ಅಂತ ಕೊಲೆಸ್ಟ್ರಾಲ್ ಇಳಿಸೋ ಬೇರೆ ಥರದ ಮಾತ್ರೆ ಇದೆ. ಇನ್ನೊಂದು, ಲ್ಯಾಬ್ ರಿಪೋರ್ಟಲ್ಲಿ ಎಲ್‌ಡಿಎಲ್ 100ರ ಒಳಗಿದ್ರೆ ನಾರ್ಮಲ್ ಅಂತ ಪ್ರಿಂಟ್ ಆಗಿರುತ್ತೆ, ಅದು ನಿಮಗಲ್ಲ. ಸ್ಟೆಂಟ್ ಆದವರಿಗೆ 70ರ ಕೆಳಗೆ, ಯುರೋಪಿನ ಗೈಡ್‌ಲೈನ್ ಪ್ರಕಾರ 55ರ ಕೆಳಗೆ ಇರ್ಬೇಕು.

ಪ್ರಶ್ನೆ: ಅಮ್ಮನಿಗೆ 63, ಸುಗರ್ ಇದೆ. ಮೊನ್ನೆ ರಾತ್ರಿ ಎದೆ ಉರಿ, ಬೆವರು, ಸುಸ್ತು. ಗ್ಯಾಸ್ ಅಂತ ಮಾತ್ರೆ ಕೊಟ್ವಿ. ಬೆಳಿಗ್ಗೆ ಇಸಿಜಿ ನಾರ್ಮಲ್ ಬಂತು. ಇಷ್ಟು ಸಾಕಲ್ವಾ?

ಉತ್ತರ: ಸಾಲ್ದು. ಇವತ್ತೇ ಕರ್ಕೊಂಡು ಹೋಗಿ. ಒಂದು ಇಸಿಜಿ ಅಂದ್ರೆ ಕೆಲವೇ ಸೆಕೆಂಡಿನ ಫೋಟೋ, ಆ ಹೊತ್ತಲ್ಲಿ ಎಲ್ಲ ಸರಿ ಇದ್ರೆ ಸರಿ ಅಂತಾನೇ ಬರುತ್ತೆ. ಮತ್ತೆ ಮತ್ತೆ ಇಸಿಜಿ ತೆಗೀಬೇಕು, ಹಾರ್ಟಿನ ಮಾಂಸಕ್ಕೆ ಪೆಟ್ಟಾಗಿದ್ಯಾ ಅಂತ ತೋರಿಸೋ ಟ್ರೋಪೋನಿನ್ ಅನ್ನೋ ರಕ್ತಪರೀಕ್ಷೆ ಕೆಲವು ಗಂಟೆ ಬಿಟ್ಟು ಎರಡನೇ ಸಲಾನೂ ಮಾಡ್ಬೇಕು.

ಹಾರ್ಟಿನ ನೋವನ್ನ ಜನ ತೋರ್ಸೋ ರೀತೀನೇ ಬೇರೆ. ನಾನು ಜೂನಿಯರ್ ಆಗಿದ್ದಾಗ ಒಬ್ರು ಗ್ಯಾಸ್ ಗ್ಯಾಸ್ ಅಂತಾನೇ ಬಂದಿದ್ರು, ಎಲ್ಲಿ ನೋವು ಅಂದ್ರೆ ಬೆರಳಿಟ್ಟು ತೋರಿಸ್ಲಿಲ್ಲ, ಮುಷ್ಟಿ ಬಿಗಿದು ಎದೆ ಮಧ್ಯ ಒತ್ತಿ ಹಿಡಿದ್ರು, ಹಣೆ ಮೇಲೆ ತಣ್ಣನೆ ಬೆವರು. ಬಾಯಿ ಗ್ಯಾಸ್ ಅಂತಿತ್ತು, ಕೈ ಬೇರೆ ಹೇಳ್ತಿತ್ತು. ಕೈ ಹೇಳಿದ್ದೇ ನಿಜ ಆಯ್ತು. ಆದ್ರೆ ಹೆಂಗಸರಲ್ಲಿ, ಅದರಲ್ಲೂ ಸುಗರ್ ಇದ್ದವರಲ್ಲಿ, ಈ ಮುಷ್ಟೀನೂ ಸಿಗದೇ ಹೋಗ್ಬಹುದು, ಬರೀ ಉಸಿರು ಕಟ್ಟೋದು, ದವಡೆ ಎಳೆಯೋದು, ಕಾರಣ ಇಲ್ದೇ ಸುಸ್ತು, ಇಷ್ಟೇ ಇರುತ್ತೆ. ಮುಂದೆ ಹೀಗಾದ್ರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ಅಲರ್ಜಿ ಅಥವಾ ರಕ್ತಸ್ರಾವದ ತೊಂದ್ರೆ ಇಲ್ದೇ ಇದ್ರೆ ಆಂಬುಲೆನ್ಸ್‌ನವರನ್ನ ಕೇಳ್ಕೊಂಡು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ. ಬೆಳಗಾಗೋವರೆಗೆ ಕಾಯೋ ಹಾಗೇ ಇಲ್ಲ, ನಾಳ ಮುಚ್ಚಿದಷ್ಟು ಹೊತ್ತೂ ಹಾರ್ಟಿನ ಮಾಂಸ ಸಾಯ್ತಾನೇ ಇರುತ್ತೆ.

ಪ್ರಶ್ನೆ: ನನಗೆ 34. ಅಪ್ಪನಿಗೆ 46ಕ್ಕೇ ಅಟ್ಯಾಕ್ ಆಗಿತ್ತು. ನಾನು ಸಣ್ಣಗಿದ್ದೀನಿ, ಜಿಮ್ ಹೋಗ್ತೀನಿ, ದಿನಕ್ಕೆ ಎರಡೇ ಸಿಗರೇಟ್. ಆಸ್ಪಿರಿನ್ ಶುರು ಮಾಡ್ಲಾ?

ಉತ್ತರ: ಬೇಡ, ಕಾಯಿಲೆ ಇಲ್ದವರಿಗೆ ಆಸ್ಪಿರಿನ್‌ನಿಂದ ಲಾಭಕ್ಕಿಂತ ರಕ್ತಸ್ರಾವದ ರಿಸ್ಕೇ ಜಾಸ್ತಿ ಆಗ್ಬಹುದು. ಬಿಪಿ, ಸುಗರ್, ಎಲ್‌ಡಿಎಲ್ ನೋಡಿಸಿ, ಜೊತೆಗೆ ಲೈಪೋಪ್ರೋಟೀನ್ ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರೋ ಒಂದು ಕಣ) ಅಂತ ಒಂದು ಟೆಸ್ಟ್ ಜೀವನದಲ್ಲಿ ಒಂದು ಸಲ ಮಾಡಿಸಿ. ಅದು ಬಹುಪಾಲು ವಂಶದಿಂದಲೇ ಬರೋದು, ಊಟ ಎಕ್ಸರ್‌ಸೈಜ್‌ಗೆ ಅಷ್ಟಾಗಿ ಬಗ್ಗಲ್ಲ, ಸಣ್ಣಗಿರೋರಲ್ಲೂ ಜಾಸ್ತಿ ಇರ್ಬಹುದು, ಜಾಸ್ತಿ ಇದ್ರೆ ನಿಮ್ಮ ಡಾಕ್ಟರ್ ಎಲ್‌ಡಿಎಲ್‌ನ ಇನ್ನೂ ಬಿಗಿಯಾಗಿ ಇಳಿಸೋಕೆ ನೋಡ್ತಾರೆ. ಇನ್ನು ಆ "ಎರಡೇ" ಸಿಗರೇಟ್. ಇಪ್ಪತ್ತು ಸೇದೋರಿಗಿರೋ ಹೆಚ್ಚುವರಿ ರಿಸ್ಕಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದಿನಕ್ಕೆ ಒಂದೇ ಸೇದೋರಿಗೂ ಇರುತ್ತೆ, ಹಾರ್ಟ್ ವಿಷಯದಲ್ಲಿ ಇದು ಸಿಗರೇಟ್ ಎಣಿಸಿ ಭಾಗಾಕಾರ ಮಾಡೋ ಲೆಕ್ಕ ಅಲ್ಲ. ಎರಡೇ ತಾನೇ, ಬಿಟ್ಬಿಡಿ.