ಉಬುಂಟುವಿನಿಂದ ಐಪಾಡ್‌ಗೆ ಹಾಕಿದ ಹಾಡು ಯಾಕೆ ಕಾಣಲ್ಲ?

ಹಳೇ 30 ಜಿಬಿ ಐಪಾಡ್ ವಿಡಿಯೋಗೆ ಉಬುಂಟು ಲ್ಯಾಪ್‌ಟಾಪ್‌ನಿಂದ ಹಾಡು ಕಾಪಿ ಮಾಡಿದೆ, ಜಾಗ ತುಂಬಿತು, ಹಾಡು ಮಾತ್ರ ಒಂದೂ ಕಾಣಲ್ಲ ಅಂದಿದ್ದೀರಿ. ನನ್ನ ಹತ್ತಿರವೂ ಅದೇ ಐಪಾಡ್ ಇದೆ. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ, ಹಾಗಾಗಿ ಅದನ್ನು ಇನ್ನೂ ಬಿಟ್ಟಿಲ್ಲ.

ಐಪಾಡ್ ಫೋಲ್ಡರ್‌ಗಳನ್ನು ಹುಡುಕುವುದೇ ಇಲ್ಲ. ಅದು ನೋಡುವುದು ಐಟ್ಯೂನ್ಸ್‌ಡಿಬಿ ಅನ್ನೋ ಒಂದು ಫೈಲನ್ನು ಮಾತ್ರ. ನಮ್ಮ ತೋಟದ ರೈಟರ್ ಹತ್ತಿರ ಇರುವ ಹಾಜರಿ ಪುಸ್ತಕದ ಹಾಗೆ. ಇಡೀ ದಿನ ಹಣ್ಣು ಕುಯ್ದರೂ ಪುಸ್ತಕದಲ್ಲಿ ಹೆಸರಿಲ್ಲ ಅಂದರೆ ಶನಿವಾರ ಬಟವಾಡೆ ಇಲ್ಲ, ಅಲ್ವಾ? ನಿಮ್ಮ ಹಾಡುಗಳದ್ದೂ ಅದೇ ಕತೆ. ನೀವೇ ಕಾಪಿ ಮಾಡಿದ್ದನ್ನು ಮೊದಲು ಅಳಿಸಿಬಿಡಿ, ಸುಮ್ನೆ ಜಾಗ ತಿನ್ನುತ್ತವೆ.

ಆಮೇಲೆ ಉಬುಂಟುವಿನಲ್ಲಿ ಹಾಡು ಕೇಳುವ ಸಾಫ್ಟ್‌ವೇರ್ ರಿದಮ್‌ಬಾಕ್ಸ್ ತೆರೆಯಿರಿ. ಐಪಾಡ್ ಸಿಕ್ಕಿಸಿದರೆ ಎಡಗಡೆ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ. ಹಾಡುಗಳನ್ನು ಎಳೆದು ಅದರ ಮೇಲೆ ಬಿಡಿ. ಫೈಲನ್ನೂ ಹಾಕುತ್ತದೆ, ಪುಸ್ತಕದಲ್ಲೂ ಬರೆಯುತ್ತದೆ. ಬರೆಯಲು ಆಗುವುದಿಲ್ಲ ಅಂದರೆ ಉಬುಂಟುವಿನ 'ಡಿಸ್ಕ್ಸ್' ತೆರೆದು ಐಪಾಡ್ ಯಾವ ಫಾರ್ಮ್ಯಾಟ್‌ನಲ್ಲಿದೆ ನೋಡಿ. ಫ್ಯಾಟ್ ಅಂತಿದ್ದರೆ ಸರಿ. ಎಚ್‌ಎಫ್‌ಎಸ್ ಪ್ಲಸ್ ಅಂತಿದ್ದರೆ ಅದು ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದದ್ದು, ಉಬುಂಟುವಿನಂಥ ಲಿನಕ್ಸ್ ಅದನ್ನು ಸಾಮಾನ್ಯವಾಗಿ ಓದುತ್ತದೆ ಅಷ್ಟೇ, ಬರೆಯಲ್ಲ. ಯಾರದಾದರೂ ವಿಂಡೋಸ್ ಕಂಪ್ಯೂಟರ್‌ನಲ್ಲಿ ಐಟ್ಯೂನ್ಸ್ ಹಾಕಿ ರಿಸ್ಟೋರ್ ಮಾಡಿದರೆ ಫ್ಯಾಟ್ ಆಗುತ್ತದೆ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಇಜೆಕ್ಟ್ ಒತ್ತದೆ ಕೇಬಲ್ ಕೀಳಬೇಡಿ. ಒಂದು ಜುಲೈಯಲ್ಲಿ, ಜಡಿಮಳೆ, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮುದಿಯಾಗಿತ್ತು, ಅರ್ಧ ಕಾಪಿ ಆಗುವಾಗಲೇ ಆರಿಹೋಯಿತು. ಬೆಳಿಗ್ಗೆ ನೋಡಿದರೆ ಐಪಾಡ್‌ನಲ್ಲಿ ಒಂದು ಹಾಡೂ ಇಲ್ಲ, ಜಾಗ ಮಾತ್ರ ಪೂರ್ತಿ ಭರ್ತಿ! ಜಿಟಿಕೆಪಾಡ್ ಅಂತ ಲಿನಕ್ಸ್‌ನಲ್ಲಿ ಐಪಾಡ್ ನಿಭಾಯಿಸುವ ಇನ್ನೊಂದು ಸಾಫ್ಟ್‌ವೇರ್, ಅದರಲ್ಲಿ ಐಪಾಡ್ ಫೈಲುಗಳನ್ನು ಪರೀಕ್ಷಿಸುವ ಆಯ್ಕೆ ಇತ್ತು. ಪುಸ್ತಕದಲ್ಲಿ ಹೆಸರಿಲ್ಲದ ಹಾಡುಗಳನ್ನೆಲ್ಲ ಅದೇ ಹುಡುಕಿ ಸೇರಿಸಿತು. ಎರಡು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಹಿಡಿಯಿತು.

ಇಷ್ಟೆಲ್ಲ ರಗಳೆ ಬೇಡ ಅಂದರೆ ರಾಕ್‌ಬಾಕ್ಸ್ ಹಾಕಿಕೊಳ್ಳಿ. ಇದು ಐಪಾಡ್ ಒಳಗೇ ಓಡುವ ಬೇರೆ ಸಾಫ್ಟ್‌ವೇರ್, ಓಪನ್ ಸೋರ್ಸ್. ಫ್ಯಾಟ್ ಐಪಾಡ್ ಬೇಕು. ಆಪಲ್‌ನ ಮೂಲ ಸಾಫ್ಟ್‌ವೇರ್ ಹಾಗೇ ಉಳಿಯುತ್ತದೆ, ಬೇಕಾದಾಗ ಅದಕ್ಕೆ ವಾಪಸ್ ಹೋಗಬಹುದು. ಫೋಲ್ಡರನ್ನು ನೇರ ಕಾಪಿ ಮಾಡಿದರೆ ಸಾಕು, ಫ್ಲ್ಯಾಕ್ ಮತ್ತು ಆಗ್ ಅನ್ನೋ ಬಗೆಯ ಹಾಡಿನ ಫೈಲುಗಳೂ ನುಡಿಯುತ್ತವೆ. ನಾನು ಈಗ ಅದರಲ್ಲೇ ಇದ್ದೇನೆ. ಮೆನು ನೋಡೋಕೆ ಚೆಂದ ಇಲ್ಲ. ಕಣದಲ್ಲಿ ಕಾಫಿ ಹರಡುವಾಗ ಐಪಾಡ್ ಜೇಬಿನಲ್ಲಿರುತ್ತದೆ, ಮೆನು ಯಾರು ನೋಡ್ತಾರೆ?