ಲೋಹದ ರೆಸೊನೇಟರ್ ಗಿಟಾರಿಗೆ ಯಾವ ಪಿಕಪ್ ಹೊಂದುತ್ತದೆ, ಅದನ್ನು ನಾನೇ ಕೂರಿಸಬಹುದೇ?

ನಿಮ್ಮ ಬಳಿ ಹಿತ್ತಾಳೆ ಒಡಲಿನ, ಒಂದೇ ಕೋನ್ ಇರುವ, ಬಿಸ್ಕೆಟ್ ಬ್ರಿಜ್‌ನ ರೆಸೊನೇಟರ್ ಗಿಟಾರ್ ಇದೆ. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಇರುವ ತಂಡದ ಜೊತೆ ಸ್ಲೈಡ್ (ತಂತಿಗಳ ಮೇಲೆ ಜಾರಿಸುವ ಕೊಳವೆ) ಹಾಕಿ ನುಡಿಸಬೇಕು, ಕೋಣೆಯಲ್ಲಿ ಕೇಳುವ ನಾದವೇ ಸ್ಪೀಕರಿನಿಂದಲೂ ಬರಬೇಕು. ಅದಕ್ಕೆ ಯಾವ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಕೊಳ್ಳಬೇಕು, ಅದನ್ನು ಮನೆಯಲ್ಲೇ ಕೂರಿಸಬಹುದೇ ಎಂದು ಕೇಳಿದ್ದೀರಿ. ಕೈ ನಿಧಾನವಾಗಿದ್ದರೆ ಖಂಡಿತ ಕೂರಿಸಬಹುದು. ಇಂಥದ್ದೇ ಗಿಟಾರನ್ನು ನಾನು ಹಲವು ಬಾರಿ ಬಿಚ್ಚಿ ಜೋಡಿಸಿದ್ದೇನೆ. ಈ ವಾದ್ಯದಲ್ಲಿ ಯಾವ ಪಿಕಪ್ಪನ್ನು ಆರಿಸಿದರೂ, ಹೇಗೆ ಕೂರಿಸಿದರೂ, ಕೋನ್ ಮೊದಲಿನಷ್ಟೇ ಸ್ವತಂತ್ರವಾಗಿ ಕಂಪಿಸುತ್ತಿದೆಯೇ ಎಂಬುದನ್ನೇ ಮೊದಲು ನೋಡಬೇಕೆಂದು ಆ ಅನುಭವದಿಂದ ಹೇಳುತ್ತಿದ್ದೇನೆ.

ಸಾಮಾನ್ಯ ಗಿಟಾರಿನಲ್ಲಿ ಮರದ ಮೇಲ್ಹಲಗೆ ಮಾಡುವ ಕೆಲಸವನ್ನು ಇಲ್ಲಿ ತೆಳು ಅಲ್ಯೂಮಿನಿಯಮ್ ಕೋನ್ ಮಾಡುತ್ತದೆ. ನಿಮ್ಮ ಗಿಟಾರಿನ ಬಗೆಯಲ್ಲಿ ಅದು ಸುಮಾರು ಒಂಬತ್ತೂವರೆ ಇಂಚು ಅಗಲವಿರುತ್ತದೆ. ಅದರ ನೆತ್ತಿಯ ಮೇಲೆ ಬಿಸ್ಕೆಟ್ ಎಂದು ಕರೆಯುವ ದುಂಡು ಮರದ ಬಿಲ್ಲೆ, ಆ ಬಿಲ್ಲೆಯ ಸೀಳಿನಲ್ಲಿ ತಂತಿಗಳನ್ನು ಹೊರುವ ಸ್ಯಾಡಲ್ ಕೂತಿರುತ್ತವೆ. ಕೋನನ್ನು ಒಡಲಿಗೆ ಹಿಡಿದಿಡುವ ಅಂಟಾಗಲಿ ಸ್ಕ್ರೂ ಆಗಲಿ ಇರುವುದಿಲ್ಲ, ತಂತಿಗಳು ಕೆಳಕ್ಕೆ ಒತ್ತುವ ಬಲವೊಂದೇ ಅದನ್ನು ತನ್ನ ಅಂಚಿನ ಮೇಲೆ ನಿಲ್ಲಿಸಿರುತ್ತದೆ. ವಿದ್ಯುತ್ ಗಿಟಾರ್ ಇನ್ನೂ ಇಲ್ಲದ ಕಾಲದಲ್ಲಿ, ವಾದ್ಯವೃಂದದ ನಡುವೆ ಗಿಟಾರಿನ ದನಿ ಮುಳುಗಿಹೋಗದಿರಲಿ ಎಂದು ಜಾನ್ ಡೊಪಿಯೆರಾ ರೂಪಿಸಿದ ಮೂರು ಕೋನ್‌ಗಳ ವಾದ್ಯವನ್ನು ಅಮೆರಿಕದ ನ್ಯಾಷನಲ್ ಕಂಪನಿ 1927ರಲ್ಲಿ ಮಾರುಕಟ್ಟೆಗೆ ತಂದಿತು. ಹೆಚ್ಚು ದನಿಯ ಗಿಟಾರ್ ಬೇಕೆಂದು ಡೊಪಿಯೆರಾ ಅವರ ಬೆನ್ನು ಹತ್ತಿದ್ದ ಜಾರ್ಜ್ ಬೀಚಮ್ ಅವರೇ ಕೆಲವು ವರ್ಷಗಳ ನಂತರ, 1931ರ ಹೊತ್ತಿಗೆ, ಮೊದಮೊದಲ ಮ್ಯಾಗ್ನೆಟಿಕ್ ಗಿಟಾರ್ ಪಿಕಪ್‌ಗಳಲ್ಲಿ ಒಂದನ್ನು ರೂಪಿಸಿದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ನೀವೀಗ ಒಂದೇ ವಾದ್ಯದಲ್ಲಿ ಕೂಡಿಸಹೊರಟಿರುವುದು ಅವರು ಬೆನ್ನಟ್ಟಿದ ಆ ಎರಡು ಉಪಾಯಗಳನ್ನೇ.

ಕೋನ್ ದನಿಯನ್ನು ಹೊರಕ್ಕೆ ಎಸೆಯುವಷ್ಟೇ ಚೆನ್ನಾಗಿ ಹೊರಗಿನ ದನಿಗೆ ತಾನೂ ನಡುಗುತ್ತದೆ. ನಿಮ್ಮ ಆಯ್ಕೆಯ ಕಷ್ಟವೆಲ್ಲ ಇರುವುದು ಇಲ್ಲಿ. ಡ್ರಮ್ಸ್ ಬಾರಿಸಿದರೂ, ನಿಮ್ಮದೇ ಸ್ಪೀಕರಿನ ದನಿ ಬಂದು ತಾಕಿದರೂ ಅದು ಕಂಪಿಸುತ್ತದೆ. ಹೀಗಾಗಿ ಕೋನ್‌ನ ಕಂಪನವನ್ನು ನೇರವಾಗಿ ಹಿಡಿಯುವ ಪಿಕಪ್ ನಾದಕ್ಕೆ ಹೆಚ್ಚು ನಿಷ್ಠವಾಗಿರುತ್ತದೆ, ಆದರೆ ವೇದಿಕೆಯ ದನಿ ಏರಿದಂತೆ ಮೊದಲು ಊಳಿಡುವುದೂ ಅದೇ.

ಕೋನ್‌ಗೆ ಅಥವಾ ಬಿಸ್ಕೆಟ್ಟಿಗೆ ಹೊರಗಿನಿಂದ ಅಂಟಿಸುವ ಪೀಜೋ ಬಿಲ್ಲೆಗಳು (ನಡುಗಿದಾಗ ವಿದ್ಯುತ್ ಹುಟ್ಟಿಸುವ ಹರಳಿನ ಪಿಕಪ್‌ಗಳು) ಎಲ್ಲಕ್ಕಿಂತ ಸುಲಭವಾದ ದಾರಿಯಂತೆ ಕಾಣುತ್ತವೆ. ನಾನೂ ಮೊದಲು ಅದನ್ನೇ ಮಾಡಿದೆ: ಕೋನ್‌ನ ಒಳಮೈಗೆ, ನೆತ್ತಿಗೂ ಅಂಚಿಗೂ ನಡುವೆ, ಒಂದು ಬಿಲ್ಲೆಯನ್ನು ಅಂಟಿಸಿ ಅದರ ತಂತಿಯನ್ನು ಕೆಳಗೆ ಇಳಿಬಿಟ್ಟೆ. ಆಂಪ್‌ಗೆ ಜೋಡಿಸುವ ಮುಂಚೆಯೇ, ಬರಿಯ ವಾದ್ಯದಲ್ಲೇ, ಮೇಲಿನ ಸ್ವರಗಳ ಹೊಳಪು ತಗ್ಗಿದ್ದು ಕಿವಿಗೆ ಗೊತ್ತಾಯಿತು. ಕೆಲವೇ ಗ್ರಾಂ ಭಾರ ಮತ್ತು ಒಂದಿಷ್ಟು ಅಂಟು, ಅಷ್ಟೇ. ಆದರೆ ಅಷ್ಟು ತೆಳುವಾದ ತಗಡಿಗೆ ಅದೂ ಹೊರೆಯೇ. ಅದನ್ನು ಕಿತ್ತುಹಾಕಿ ಅಂಟನ್ನು ಒರೆಸಿದ ಮೇಲೆ ಹಳೆಯ ನಾದ ಮರಳಿತು. ನಿಮಗೆ ಅಂಟಿಸುವ ಬಗೆಯೇ ಬೇಕಿದ್ದರೆ ಬಿಲ್ಲೆ ಆದಷ್ಟು ಹಗುರವಾಗಿರಲಿ, ಮತ್ತು ಅದು ಕೋನ್‌ನ ಮೈಮೇಲಲ್ಲ, ಬಿಸ್ಕೆಟ್ಟಿನ ಮೇಲೆ ಇರಲಿ.

ಬಿಸ್ಕೆಟ್ಟಿನೊಳಗೇ ಪೀಜೋ ಅಡಗಿಸಿರುವ ತಯಾರಿ ಪಿಕಪ್‌ಗಳು ಇದಕ್ಕಿಂತ ಉತ್ತಮ. ಹಳೆಯ ಬಿಸ್ಕೆಟ್ಟನ್ನು ತೆಗೆದು ಅದರ ಜಾಗದಲ್ಲಿ ಇದನ್ನು ಕೂರಿಸುವುದರಿಂದ ಕೋನ್ ಮೇಲಿನ ಭಾರ ಹೆಚ್ಚು ಬದಲಾಗುವುದಿಲ್ಲ, ಬೆರಳು ತಂತಿಯನ್ನು ಬಿಟ್ಟ ಗಳಿಗೆಯ ಚುರುಕೂ ಲೋಹದ ಗಡಸೂ ಚೆನ್ನಾಗಿ ಬರುತ್ತವೆ. ಆದರೆ ಇದಕ್ಕೆ ಸರಿಯಾದ ಪ್ರೀಆಂಪ್ (ಪಿಕಪ್ಪಿಗೂ ಮಿಕ್ಸರಿಗೂ ನಡುವೆ ಕೂರುವ ಕಿರು ವರ್ಧಕ) ಬೇಕೇ ಬೇಕು. ಪೀಜೋ ಒಂದು ಪುಟ್ಟ ಕೆಪಾಸಿಟರಿನಂತೆ ವರ್ತಿಸುತ್ತದೆ. ಅದರ ಧಾರಕತ್ವ ಒಂದು ನ್ಯಾನೊಫ್ಯಾರಡ್ ಎಂದಿಟ್ಟುಕೊಳ್ಳಿ. ಮಿಕ್ಸರಿನ 10 ಕಿಲೊ ಓಮ್ ಲೈನ್ ಇನ್‌ಪುಟ್ಟಿಗೆ ನೇರವಾಗಿ ಜೋಡಿಸಿದರೆ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗುತ್ತಾ ಹೋಗಿ, ಕೇಳಲಾಗದಷ್ಟು ತೆಳುವಾದ ಚಿರಚಿರ ದನಿಯಷ್ಟೇ ಉಳಿಯುತ್ತದೆ. 1 ಮೆಗಾ ಓಮ್ ಇನ್‌ಪುಟ್ಟಿನಲ್ಲಿ ಆ ಗಡಿ ಸುಮಾರು 160 ಹರ್ಟ್ಸ್‌ಗೆ ಇಳಿಯುತ್ತದೆ, 10 ಮೆಗಾ ಓಮ್‌ನಲ್ಲಿ 16ಕ್ಕೆ. ಸ್ಲೈಡ್ ವಾದನದಲ್ಲಿ ಬಳಸುವ ಓಪನ್ ಜಿ ಶ್ರುತಿಯಲ್ಲಿ ನಿಮ್ಮ ಅತಿ ದಪ್ಪ ತಂತಿ ಸುಮಾರು 73 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, 1 ಮೆಗಾ ಓಮ್‌ಗಿಂತ ಸಾಕಷ್ಟು ಹೆಚ್ಚಿನ ಇನ್‌ಪುಟ್ ಇರುವ ಪ್ರೀಆಂಪ್ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಪೀಜೋ ದನಿ ಕೆಟ್ಟದ್ದು ಎಂದು ದೂರುವವರಲ್ಲಿ ಅನೇಕರು ಕೇಳಿರುವುದು ಹೊಂದದ ಇನ್‌ಪುಟ್ಟಿಗೆ ಜೋಡಿಸಿದ ಪೀಜೋವನ್ನು ಎಂದೇ ನನ್ನ ಭಾವನೆ.

ಇನ್ನೊಂದು ಬಗೆ ಮ್ಯಾಗ್ನೆಟಿಕ್ ಪಿಕಪ್. ಇದು ಫ್ರೆಟ್‌ಬೋರ್ಡ್ ಮುಗಿಯುವಲ್ಲಿ, ಕೋನನ್ನು ಮುಚ್ಚುವ ಕವರ್‌ಪ್ಲೇಟಿಗಿಂತ ಮೊದಲು ಸಿಗುವ ಕಿರುಜಾಗದಲ್ಲಿ ಕೂರುತ್ತದೆ. ಇದು ಹಿಡಿಯುವುದು ಉಕ್ಕಿನ ತಂತಿಯ ಚಲನೆಯನ್ನು, ಕೋನ್‌ನ ಕಂಪನವನ್ನಲ್ಲ. ಹೀಗಾಗಿ ಫೀಡ್‌ಬ್ಯಾಕ್, ಅಂದರೆ ಆ ಊಳು, ಬಹಳ ತಡವಾಗಿ ಬರುತ್ತದೆ, ಜೊತೆಗೆ ನಾದ ವಿದ್ಯುತ್ ಗಿಟಾರಿನ ಕಡೆಗೆ ವಾಲುತ್ತದೆ. ತಂತಿಯ ಚಲನೆಯನ್ನೇ ಕೋನ್ ಕೊಂಚ ತಿದ್ದುವುದರಿಂದ, ದನಿ ಬೇಗ ಏರಿ ಬೇಗ ಇಳಿಯುವ ರೆಸೊನೇಟರಿನ ಗುಣ ಇಲ್ಲೂ ಸ್ವಲ್ಪ ಉಳಿಯುತ್ತದೆ. ಕೊಳ್ಳುವ ಮುಂಚೆ ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿಹಿಡಿದು, ತಂತಿಯ ಅಡಿಯಿಂದ ಒಡಲಿನ ಮೈವರೆಗಿನ ಅಂತರವನ್ನು ಅಳೆಯಿರಿ. ಪಿಕಪ್‌ನ ದಪ್ಪ ಕಳೆದ ಮೇಲೂ ಎರಡು ಮೂರು ಮಿಲಿಮೀಟರ್ ಉಳಿಯದಿದ್ದರೆ ಆ ಪಿಕಪ್ ನಿಮ್ಮ ಗಿಟಾರಿಗೆ ಬೇಡ. ಫಾಸ್ಫರ್ ಬ್ರಾಂಜ್ ತಂತಿ ಹಾಕಿದ್ದರೆ ಆಯಸ್ಕಾಂತಕ್ಕೆ ಕಾಣುವುದು ಒಳಗಿನ ಉಕ್ಕಿನ ಎಳೆ ಮಾತ್ರ. ಸುತ್ತಿದ ತಂತಿಗಳು ಮೆತ್ತಗೆ, ಸುತ್ತಿಲ್ಲದ ಎರಡು ತಂತಿಗಳು ಕಿರುಚಿದಂತೆ ಕೇಳುತ್ತವೆ. ನಿಕಲ್ ಸುತ್ತಿದ ತಂತಿ ಹಾಕಿದರೆ ಈ ಏರುಪೇರು ಬಹುಮಟ್ಟಿಗೆ ಸರಿಹೋಗುತ್ತದೆ.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟು: ಒಂದೇ ಪಿಕಪ್ ಕೊಳ್ಳುವುದಾದರೆ, ಡ್ರಮ್ಸ್ ಇರುವ ತಂಡಕ್ಕೆ, ತೆಳುವಾದ ಮ್ಯಾಗ್ನೆಟಿಕ್ ಪಿಕಪ್ ಕೊಳ್ಳಿ. ಕೋಣೆಯಲ್ಲಿ ಕೇಳುವ ನಾದವನ್ನು ಅದು ಹಾಗೆಯೇ ಕೊಡುವುದಿಲ್ಲ, ಆದರೆ ಹಾಡಿನ ನಡುವೆ ನಿಮ್ಮನ್ನು ಕೈಬಿಡುವುದೂ ಇಲ್ಲ. ಮುಂದೆ ಅನುಕೂಲವಾದಾಗ ಬಿಸ್ಕೆಟ್ ಪೀಜೋ ಸೇರಿಸಿ, ಎರಡನ್ನೂ ಬೇರೆ ಬೇರೆ ಚಾನಲ್ಲಿಗೆ ಕೊಟ್ಟು, ಮ್ಯಾಗ್ನೆಟಿಕ್ ಮೇಲೆ ಪೀಜೋದ ಚುರುಕನ್ನು ತುಸುವೇ ಬೆರೆಸಿ. ಎರಡನ್ನೂ ಕೂಡಿಸಿದಾಗ ನಾದ ತುಂಬಿಕೊಳ್ಳುವ ಬದಲು ಟೊಳ್ಳಾದರೆ ಒಂದರ ಫೇಸನ್ನು (ಅಲೆಯ ಏರಿಳಿತದ ದಿಕ್ಕನ್ನು) ತಿರುಗಿಸಿ ನೋಡಿ. ಡ್ರಮ್ಸ್ ಇಲ್ಲದ ಶಾಂತ ಸಭೆಯಲ್ಲಿ ಇದ್ಯಾವುದೂ ಬೇಡ: ಕವರ್‌ಪ್ಲೇಟಿನಿಂದ ಒಂದು ಗೇಣು ದೂರದಲ್ಲಿ ಶೂರ್ ಎಸ್‌ಎಂ57ನಂಥ ಡೈನಾಮಿಕ್ ಮೈಕ್ ಇಟ್ಟರೆ ಯಾವ ಪಿಕಪ್ಪಿಗೂ ಸಿಗದ ನಾದ ಸಿಗುತ್ತದೆ. ಸ್ಪೈಡರ್ ಬ್ರಿಜ್ (ಜೇಡದ ಕಾಲುಗಳಂತೆ ಹರಡಿದ ಲೋಹದ ಬ್ರಿಜ್) ಇರುವವರು ಇದನ್ನು ಓದುತ್ತಿದ್ದರೆ, ಅವರಿಗೆ ರೆಸೊನೇಟರ್ ವಾದಕ ಜೆರ್ರಿ ಡಗ್ಲಾಸ್ ಅವರೊಡನೆ ಸೇರಿ ಫಿಶ್‌ಮನ್ ಕಂಪನಿ ತಯಾರಿಸಿದ ಪೆಡಲಿನಂಥ ಇನ್ನೊಂದು ದಾರಿಯೂ ಇದೆ. ಬ್ರಿಜ್ ಪಿಕಪ್‌ನ ದನಿಗೆ ಮೈಕಿನಲ್ಲಿ ಹಿಡಿದ ನಾದದ ಗುಣವನ್ನು ಅದು ಬೆರೆಸುತ್ತದೆ. ನಿಮ್ಮದು ಬಿಸ್ಕೆಟ್ ಆದ್ದರಿಂದ ಅದನ್ನು ವಿಸ್ತರಿಸುವುದಿಲ್ಲ.

ಈಗ ಕೂರಿಸುವ ಕೆಲಸ. ಮ್ಯಾಗ್ನೆಟಿಕ್ ಪಿಕಪ್ ಒಂದೇ ಆದರೆ ಕೋನನ್ನು ಮುಟ್ಟಬೇಕಾಗಿಯೇ ಇಲ್ಲ. ಎರಡು ಬದಿ ಅಂಟುವ ಗಟ್ಟಿ ಫೋಮ್ ಟೇಪಿನಿಂದ ಅದನ್ನು ಒಡಲಿಗೆ ಅಂಟಿಸಿ, ಕೇಬಲ್ಲನ್ನು ಕವರ್‌ಪ್ಲೇಟಿನ ಅಂಚಿನುದ್ದಕ್ಕೆ ಹಾಯಿಸಿ, ಬಾಲದ ಬಳಿ ಕ್ಲಿಪ್ಪಿನಲ್ಲಿ ಹಿಡಿಸಿದ ಜಾಕಿಗೆ ತಂದರೆ ಒಂದೇ ಒಂದು ರಂಧ್ರವನ್ನೂ ಕೊರೆಯದೆ ಕೆಲಸ ಮುಗಿಯುತ್ತದೆ. ಮೊದಲ ಕೆಲವು ತಿಂಗಳು ಹೀಗೆಯೇ ನುಡಿಸಿ ನೋಡಿ ಎಂದು ಒತ್ತಾಯಿಸಿ ಹೇಳುತ್ತೇನೆ, ಏಕೆಂದರೆ ಹಿತ್ತಾಳೆಯಲ್ಲಿ ಕೊರೆದ ರಂಧ್ರವನ್ನು ಮರಳಿ ಮುಚ್ಚಲಾಗದು.

ಪೀಜೋ ಹಾಕುವುದಾದರೆ ಕೋನನ್ನು ಹೊರತೆಗೆಯಬೇಕು. ಮೊದಲು ಬ್ರಿಜ್‌ನ ಮತ್ತು ತಂತಿಗಳ ಫೋಟೊ ತೆಗೆದುಕೊಳ್ಳಿ, ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿಯ ಎತ್ತರ ಅಳೆದು ಬರೆದಿಡಿ. ತಂತಿಗಳನ್ನು ಸಡಿಲಿಸಿ, ಮೇಲಿನ ಸುತ್ತುಗಳು ಬಿಚ್ಚದಂತೆ ಮೊದಲ ಫ್ರೆಟ್ಟಿಗೆ ಕಾಪೊ (ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್) ಹಾಕಿ, ತಂತಿಗಳ ತುದಿ ಸಿಕ್ಕಿಸಿರುವ ಟೇಲ್‌ಪೀಸನ್ನು ತಂತಿಗಳ ಸಮೇತ ಎತ್ತಿ ಬಟ್ಟೆಯ ಮೇಲೆ ಪಕ್ಕಕ್ಕೆ ಒರಗಿಸಿ. ಕವರ್‌ಪ್ಲೇಟಿನ ಸುತ್ತ ಇರುವ ಪುಟ್ಟ ಸ್ಕ್ರೂಗಳನ್ನು ಅಳತೆಗೆ ಸರಿಹೊಂದುವ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ. ಅದು ಜಾರಿದರೆ ನಿಕಲ್ ಲೇಪನದ ಮೇಲೆ ಗೀರು ಬಿತ್ತೆಂದೇ ಲೆಕ್ಕ. ಕೋನ್‌ನ ಅಂಚಿನಲ್ಲೂ ಒಡಲಿನಲ್ಲೂ ಒಂದೇ ನೇರಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದ ನಂತರ ಬಿಸ್ಕೆಟ್ಟನ್ನು ಹಿಡಿದು ಕೋನನ್ನು ನೇರವಾಗಿ ಮೇಲಕ್ಕೆ ಎತ್ತಿ. ಅದರ ಇಳಿಜಾರಿನ ಮೈಯನ್ನು ಬೆರಳಿನಿಂದ ಒತ್ತಬೇಡಿ. ಅಲ್ಲಿ ಬಿದ್ದ ಸಣ್ಣ ತಗ್ಗೂ ಮತ್ತೆ ಮೊದಲಿನಂತಾಗುವುದಿಲ್ಲ.

ಬಿಸ್ಕೆಟ್ಟನ್ನು ಕೋನ್‌ಗೆ ಹಿಡಿದಿರುವುದು ಒಳಗಿನಿಂದ ಬಂದಿರುವ ಒಂದು ಸಣ್ಣ ಸ್ಕ್ರೂ. ಅದನ್ನು ಬಿಚ್ಚಿ ಹೊಸ ಬಿಸ್ಕೆಟ್ಟನ್ನು ಕೂರಿಸಿದ ಮೇಲೆ ಅಲುಗಾಡದಷ್ಟು ಬಿಗಿ ಮಾಡಿದರೆ ಸಾಕು, ಅತಿಯಾಗಿ ತಿರುಗಿಸಿದರೆ ನೆತ್ತಿಯ ತಗಡು ಒಳಕ್ಕೆ ಕುಸಿಯುತ್ತದೆ. ಹೊಸ ಬಿಸ್ಕೆಟ್ಟಿನ ದಪ್ಪ ಮತ್ತು ಸ್ಯಾಡಲಿನ ಎತ್ತರ ಹಳೆಯದಕ್ಕೆ ಸಮನಾಗಿರಲಿ; ಹೆಚ್ಚಾದರೆ ತಂತಿಗಳು ಮೇಲಿನ ಅಂಗೈ ಆಸರೆಗೆ ತಾಗುತ್ತವೆ, ಕಡಿಮೆಯಾದರೆ ಸ್ಲೈಡ್ ಫ್ರೆಟ್ಟಿಗೆ ಬಡಿಯುತ್ತದೆ. ಪೀಜೋ ತಂತಿಗೆ ಬೆಸುಗೆ ಹಾಕಬೇಕಾಗಿ ಬಂದರೆ ಕ್ಷಣದಲ್ಲಿ ಮುಗಿಸಿ, ಶಾಖ ಹೆಚ್ಚಾದರೆ ಪೀಜೋ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಜಾಕ್ ಸಮೇತ ಸಿದ್ಧವಾಗಿ ಬರುವ ಪಿಕಪ್ ಕೊಳ್ಳುವುದೇ ಕ್ಷೇಮ.

ಜಾಕಿಗೆ ರಂಧ್ರ ಕೊರೆಯುವ ಮುಂಚೆ ಒಡಲಿನೊಳಗೆ ಟಾರ್ಚ್ ಬಿಟ್ಟು ನೋಡಿ. ಲೋಹದ ಒಡಲಿನ ಗಿಟಾರುಗಳಲ್ಲಿ ಕತ್ತಿನಿಂದ ಹೊರಟ ಮರದ ತೊಲೆಯೊಂದು ಸಾಮಾನ್ಯವಾಗಿ ಬಾಲದವರೆಗೂ ಬಂದಿರುತ್ತದೆ. ಮರದ ಗಿಟಾರಿನಂತೆ ಬಾಲದ ನಡುವೆಯೇ ಕೊರೆಯಹೊರಟರೆ ಡ್ರಿಲ್ ಆ ತೊಲೆಗೆ ನುಗ್ಗುತ್ತದೆ. ಪಕ್ಕದ ತಗಡಿನಲ್ಲಿ, ಕುಳಿತಾಗ ತೊಡೆಗೆ ತಾಗದ ಕಡೆ ಜಾಗ ಹುಡುಕಿ. ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಒಳಗಿನಿಂದ ಮರದ ತುಂಡನ್ನು ಆನಿಸಿ, ಸೆಂಟರ್ ಪಂಚಿನಿಂದ ಮೆಲ್ಲಗೆ ಗುರುತು ಹೊಡೆದು, ಮೊದಲು 3 ಮಿಲಿಮೀಟರ್ ಬಿಟ್ಟಿನಿಂದ, ಆಮೇಲೆ ಮೆಟ್ಟಿಲಿನಾಕಾರದ ಸ್ಟೆಪ್ ಬಿಟ್ಟಿನಿಂದ ನಿಧಾನ ವೇಗದಲ್ಲಿ ಕೊರೆಯಿರಿ. ಸಾಮಾನ್ಯ ಪ್ಯಾನಲ್ ಜಾಕಿಗೆ ಸುಮಾರು ಒಂಬತ್ತೂವರೆ ಮಿಲಿಮೀಟರ್ ರಂಧ್ರ ಸಾಕು. ಈ ಹೊತ್ತಿನಲ್ಲಿ ಕೋನ್ ಇನ್ನೊಂದು ಕೋಣೆಯಲ್ಲಿ ಡಬ್ಬಿಯೊಳಗೆ ಇರಲಿ. ಕೊರೆದ ಹಿತ್ತಾಳೆಯ ಚೂರುಗಳನ್ನು ವ್ಯಾಕ್ಯೂಮಿನಿಂದ ಎಳೆದು, ಕೋನ್ ಕೂರುವ ಅಂಚನ್ನು ಒಣಬಟ್ಟೆಯಿಂದ ಪೂರ್ತಿ ಸುತ್ತು ಒರೆಸಿ, ಏಕೆಂದರೆ ಅಲ್ಲಿ ಉಳಿದ ಕೂದಲೆಳೆಯಷ್ಟು ಚೂರೂ ಆಮೇಲೆ ಝಿರ್ ಎಂದು ಕಾಡುತ್ತದೆ. ಜಾಕ್ ಹಿತ್ತಾಳೆಗೆ ತಾಗಿ ಕೂರುವುದರಿಂದ ಒಡಲೇ ಅರ್ಥ್ ಆಗಿ ಒಳಗಿನ ತಂತಿಗೆ ಕವಚವಾಗುತ್ತದೆ. ಜಾಕಿನ ಹೊರಭಾಗದ ಲೋಹಕ್ಕೂ (ಸ್ಲೀವ್) ಒಡಲಿಗೂ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರಿನಿಂದ ಒಮ್ಮೆ ಪರೀಕ್ಷಿಸಿ.

ಪೀಜೋದಿಂದ ಜಾಕಿಗೆ ಹೋಗುವ ಒಳಗಿನ ತಂತಿ ಕೋನ್‌ಗೆ ಎಲ್ಲಿಯೂ ತಾಗಬಾರದು. ನಾನು ಒಂದು ಸಂಜೆಯಿಡೀ ಮೂರನೆಯ ತಂತಿಯ ಒಂದೇ ಸ್ವರದಲ್ಲಿ ಬರುತ್ತಿದ್ದ ಗರಗರ ಸದ್ದನ್ನು ಹುಡುಕಿದ್ದೇನೆ. ಸ್ಯಾಡಲಿನ ಸೀಳನ್ನು ಅನುಮಾನಿಸಿದೆ, ಕವರ್‌ಪ್ಲೇಟಿನ ಸ್ಕ್ರೂಗಳನ್ನು ಅನುಮಾನಿಸಿದೆ. ಕೊನೆಗೆ ನೋಡಿದರೆ ಪೀಜೋ ತಂತಿಯ ಒಂದು ಬಾಗು ಕೋನ್‌ನ ಒಳಮೈಯನ್ನು ಸವರುತ್ತಿತ್ತು. ನೆತ್ತಿಯಿಂದ ಇಳಿದ ತಂತಿಗೆ ಎಳೆತ ಬೀಳದಷ್ಟು ಸಡಿಲ ಬಿಟ್ಟು, ಒಡಲಿನ ತಳಕ್ಕೆ ಬಂದ ಕೂಡಲೇ ಅಂಟುವ ಕ್ಲಿಪ್ಪಿನಲ್ಲಿ ಹಿಡಿಸಿ, ಅಲ್ಲಿಂದ ಜಾಕಿಗೆ ಒಯ್ಯಿರಿ.

ಮರುಜೋಡಣೆಯಲ್ಲಿ ಪೆನ್ಸಿಲ್ ಗುರುತುಗಳನ್ನು ಕೂಡಿಸಿ ಕೋನ್ ಇಳಿಸಿ, ಸ್ಯಾಡಲ್ ಅಡ್ಡಕ್ಕೆ ನೇರವಾಗಿದೆಯೇ ನೋಡಿ, ಕವರ್‌ಪ್ಲೇಟನ್ನು ಮುಚ್ಚಿ. ಒಂದೇ ಬದಿಯ ತಂತಿಗಳನ್ನು ಮೊದಲು ಬಿಗಿ ಮಾಡದೆ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ಶ್ರುತಿಗೆ ಏರಿಸಿ, ಇಲ್ಲದಿದ್ದರೆ ಕೋನ್ ಜಾರಿ ಓರೆಯಾಗಿ ಕೂರುತ್ತದೆ. ಹನ್ನೆರಡನೆಯ ಫ್ರೆಟ್ಟಿನ ಹಾರ್ಮಾನಿಕ್ ಮತ್ತು ಒತ್ತಿದ ಸ್ವರ ಒಂದೇ ಇವೆಯೇ ಎಂದು ಕೇಳಿ. ಮೊದಲ ದಿನ ನಾದ ಕೊಂಚ ಬಿಗಿಯಾಗಿ, ಶ್ರುತಿ ಇಳಿಯುತ್ತಾ ಇರುವುದು ಸಹಜ, ಕೋನ್ ತನ್ನ ಜಾಗದಲ್ಲಿ ಕೂರಲು ಒಂದೆರಡು ದಿನ ಬೇಕು. ಆದ್ದರಿಂದ ಮ್ಯಾಗ್ನೆಟಿಕ್ ಪಿಕಪ್‌ನ ಎತ್ತರ, ಪ್ರೀಆಂಪಿನಲ್ಲಿ ನಾದ ತಿದ್ದುವ ಈಕ್ಯೂ ಇವನ್ನೆಲ್ಲ ಅಂದೇ ಹೊಂದಿಸಬೇಡಿ. ಎರಡು ದಿನ ಬರಿಯ ವಾದ್ಯವನ್ನೇ ನುಡಿಸಿ, ಮತ್ತೊಮ್ಮೆ ಶ್ರುತಿ ಮಾಡಿ, ಆಮೇಲೆ ಆಂಪ್‌ಗೆ ಜೋಡಿಸಿ.